ನಾಲ್ಕು ಪಾಲು

ನೋವನ್ನು ಮೂಟೆಯ ಹಾಗೆ ಹಂಚಿಕೊಂಡು ಹೊರಲು ಬಂದರೆ ಹೇಗೆ? ಈ ಪ್ರಶ್ನೆ ಹುಟ್ಟಿದ್ದು ದೊಡ್ಡ ಪ್ರಯೋಗಾಲಯದಲ್ಲಿ ಅಲ್ಲ. ಹಿರೇಕಣವಿಯ ಮೆಣಸಿನಕಾಯಿ ಪೇಟೆಯಲ್ಲಿ ಸೀನುತ್ತಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದ ಒಬ್ಬ ಡಾಕ್ಟರಮ್ಮನ ತಲೆಯಲ್ಲಿ. ಆ ಪೇಟೆಯ ಹಮಾಲರಲ್ಲಿ ಹಳೆಯದೊಂದು ಪದ್ಧತಿ ಇತ್ತು. ನಾಲ್ವರ ತಂಡದಲ್ಲಿ ಒಬ್ಬನಿಗೆ ಮೈ ಸರಿಯಿಲ್ಲವೆಂದರೆ ಅವನ ಹತ್ತು ಚೀಲಗಳಲ್ಲಿ ಆರನ್ನು ಉಳಿದ ಮೂವರು ಎರಡೆರಡರಂತೆ ಹೊರುತ್ತಿದ್ದರು. ಉಳಿದ ನಾಲ್ಕನ್ನು ನರಳುತ್ತಲಾದರೂ ಅವನೇ ಹೊರಬೇಕು. ಯಾಕೆ ಎಂದು ಡಾಕ್ಟರಮ್ಮ ಕೇಳಿದರೆ ಹಮಾಲರ ಮುಖ್ಯಸ್ಥ ಮುಕಾದಮ ನಕ್ಕಿದ್ದ. "ಅಷ್ಟೂ ನಾವ ಹೊತ್ರ ನಾಳಿಂದ ಅಂವ ಹಮಾಲ ಅಲ್ರೀ, ಬೀಗರ ಪೈಕಿ ಆಗ್ತಾನ."

ಡಾಕ್ಟರ್ ಪ್ರಮೀಳಾ ಹಾವನೂರ ಪೇಟೆಗೆ ಬಂದದ್ದು ಮೆಣಸಿನಕಾಯಿ ಕೊಳ್ಳಲು ಅಲ್ಲ, ಗುಳಿಗೆಯ ಜಾಡು ಹಿಡಿದು. ಲಾರಿಯಿಂದ ಚೀಲ ಇಳಿಸುವ ಯಂತ್ರ ಬಂದು ಆಗ ಐದು ವರ್ಷ. ಯಂತ್ರ ಬಂದರೆ ಹಮಾಲರ ಬೆನ್ನಿಗೆ ಸುಖ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಅದು ಇಳಿಸಿದ ಚೀಲಗಳನ್ನು ಒಳಗೆ ಒಯ್ದು ಒಟ್ಟುವವನು ಮನುಷ್ಯನೇ ತಾನೆ? ಯಂತ್ರಕ್ಕೆ ದಣಿವಿಲ್ಲ, ಬೀಡಿ ಸೇದುವ ಚಟವಿಲ್ಲ, ಉಣ್ಣುವ ಹೊತ್ತಿಲ್ಲ. ಅದರ ವೇಗಕ್ಕೆ ಹೆಜ್ಜೆ ಹಾಕಲು ಹಮಾಲರು ನೋವಿನ ಗುಳಿಗೆ ನುಂಗತೊಡಗಿದರು. ಮೊದಲು ಸುಗ್ಗಿಯ ದಿನಕ್ಕೊಂದು, ಆಮೇಲೆ ಹೊತ್ತಿಗೊಂದು, ಕೊನೆಗೆ ಅದಿಲ್ಲದೆ ಹಾಸಿಗೆಯಿಂದ ಏಳಲೂ ಆಗದು. ಪೇಟೆಯ ಚಹಾದಂಗಡಿಗಳಲ್ಲಿ ಚಹಾದ ಜೊತೆಗೇ ಅದು ಸಿಗುತ್ತಿತ್ತು. ಹಮಾಲರಿಂದ ಟೆಂಪೋದವರಿಗೆ, ಟೆಂಪೋದವರಿಂದ ಕಾಲೇಜಿನವರಿಗೆ ಹರಡಿ, ಊರಲ್ಲಿ ಮೂರು ಮನೆಗೊಬ್ಬರಂತೆ ಅದರ ಕೈಗೆ ಸಿಕ್ಕಿದ್ದರು.

ಬಿಡುತ್ತೇನೆಂದು ಹೊರಟವರು ಮೂರನೆಯ ದಿನಕ್ಕೆ ಓಡಿಬರುತ್ತಿದ್ದರು. ಎಲುಬಿನೊಳಗೆ ಕಟ್ಟಿರುವೆ ಹರಿದಂತಾಗುತ್ತದೆ, ಕಾಲು ಒಂದು ಕಡೆ ನಿಲ್ಲುವುದಿಲ್ಲ, ಕಣ್ಣು ಮೂಗಿನಲ್ಲಿ ನೀರು, ಬಿಟ್ಟೂಬಿಡದ ಆಕಳಿಕೆ. ಗುಳಿಗೆಗೆ ಒಗ್ಗಿದ ನರಗಳು ಅದು ಸಿಗದಾಗ ಕೂಗಾಡುತ್ತವೆ. ಆ ಕೂಗಿಗೆ ಇನ್ನೊಂದು ಮೈಯ ನರಗಳು ಓಗೊಟ್ಟರೆ ಮೊದಲಿನವು ಅಷ್ಟಷ್ಟೇ ತಣ್ಣಗಾಗುತ್ತವೆ ಎಂಬುದನ್ನು ಡಾಕ್ಟರ್ ಪ್ರಮೀಳಾ ಹನ್ನೊಂದು ವರ್ಷ ತೆಗೆದುಕೊಂಡು ಸಾಧಿಸಿದರು. ಕತ್ತಿನ ಹಿಂದೆ ಕಟ್ಟುವ ಎರಡು ಬೆರಳಗಲದ ಪಟ್ಟಿ. ರೋಗಿಯದು ಕಳಿಸುತ್ತದೆ, ಹೊರುವವರದು ಪಡೆಯುತ್ತದೆ. ಇಂದು ನಿಮ್ಮ ಮನೆಯವನ ನೋವನ್ನು ನಾನು ಹೊತ್ತರೆ ನಾಳೆ ನಮ್ಮವನದನ್ನು ನೀವು ಹೊರಬೇಕು. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವ ಜನಕ್ಕೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆಸ್ಪತ್ರೆಗೆ ಏನೋ ಉದ್ದನೆಯ ಸರ್ಕಾರಿ ಹೆಸರಿತ್ತು. ಊರಿನವರು ಅದನ್ನು ಮುಯ್ಯಿಮನೆ ಎಂದೇ ಕರೆದರು.

ಹಮಾಲರ ಚೀಲಗಳಂತೆ ಇಲ್ಲೂ ನೋವಿಗೆ ಹತ್ತು ಪಾಲು, ಹೊರುವವರು ಮೂವರು. ಮುಯ್ಯಿಮನೆಗೆ ಮೂರು ಕಟ್ಟುಪಾಡುಗಳಿದ್ದವು. ಹೊರುವವರು ಒಬ್ಬೊಬ್ಬರು ಎರಡು ಪಾಲಿಗಿಂತ ಹೆಚ್ಚು ಹೊರಬಾರದು; ಹೊತ್ತರೆ ನೋವಿನ ಬೆನ್ನಿಗೇ ಗುಳಿಗೆಯ ಹಂಬಲವೂ ಬಂದು ಮೈಯಲ್ಲಿ ಕೂತುಬಿಡುತ್ತದೆ. ರೋಗಿಯ ನಾಲ್ಕು ಪಾಲು ರೋಗಿಗೇ. ಮೈಗೆ ಅದರ ನೆನಪು ಉಳಿಯಬೇಕು. ಮೂರನೆಯದು, ತಮ್ಮ ಮನೆಯವರದನ್ನು ತಾವೇ ಹೊರುವಂತಿಲ್ಲ. ಮೊದಲ ವರ್ಷ ತಾಯಂದಿರನ್ನು ಕೂರಿಸಿ ನೋಡಿದ್ದರು. ಒಬ್ಬಳಾದರೂ ಎರಡು ಪಾಲಿಗೆ ನಿಲ್ಲಲಿಲ್ಲ.

ಈ ಕಟ್ಟುಪಾಡುಗಳನ್ನು ದಾಕ್ಷಾಯಣಿಯಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. ಮುಯ್ಯಿಮನೆಯ ಬೋರ್ಡು ಅವಳ ಕೈಯಲ್ಲಿತ್ತು. ಗಾಜಿನ ಗೋಡೆಯ ಈಚೆ ಕೂತು, ಆಚೆಯ ಹನ್ನೆರಡು ಮಂಚಗಳ ಪಾಲುಗಳನ್ನು ಪರದೆಯ ಮೇಲೆ ಕಾಯುವುದು ಅವಳ ಕೆಲಸ. ಆರು ವರ್ಷದಲ್ಲಿ ಒಂದು ದಿನವೂ ಪಾಲು ತಪ್ಪಿರಲಿಲ್ಲ. 'ಇನ್ನೊಂದ ಸ್ವಲ್ಪ ನನಗ ಹಾಕ್ರಿ' ಎಂದು ಗೋಗರೆದ ಎಷ್ಟೋ ಹೆಂಗಸರನ್ನು ಅವಳು ಗದರಿಸಿ ಕಳಿಸಿದ್ದಳು.

ಆ ಮಾಘದಲ್ಲಿ ಏಳನೆಯ ಮಂಚಕ್ಕೆ ಬಂದವನು ಅವಳ ತಮ್ಮ ಮುರಿಗೆಪ್ಪ. ಅವ್ವ ತೀರಿಕೊಂಡಾಗ ಒಂಬತ್ತು ವರ್ಷದವನಾಗಿದ್ದ ಅವನನ್ನು ಸಾಕಿದವಳು ಅವಳೇ. ಈಗ ಇಪ್ಪತ್ತೇಳರ ಹಮಾಲ, ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಕತ್ತಲಾಗುವಂಥ ಆಳು. ಒಂದು ವರ್ಷದ ಹಿಂದೆಯೇ ಅವನ ಅಂಗಿ ಒಗೆಯುವಾಗ ಕಿಸೆಯಲ್ಲಿ ಗುಳಿಗೆಯ ಪಟ್ಟಿ ಸಿಕ್ಕಿತ್ತು. ಅವಳು ಅದನ್ನು ಒಣಗಿದ ಅಂಗಿಯ ಕಿಸೆಯಲ್ಲೇ ಮತ್ತೆ ಇಟ್ಟಿದ್ದಳು. ಆಮೇಲೆ ಸಿಕ್ಕಾಗಲೆಲ್ಲ ಹಾಗೆಯೇ ಮಾಡಿದ್ದಳು. ಕೇಳಿದರೆ ಸುಳ್ಳು ಹೇಳುತ್ತಾನೆ, ಸುಳ್ಳು ಕೇಳಿಸಿಕೊಳ್ಳಲು ತನ್ನಿಂದಾಗದು ಎಂಬ ಹೆದರಿಕೆ. ದಿನವಿಡೀ ಊರಿನವರ ಚಟವನ್ನು ಪರದೆಯ ಮೇಲೆ ನೋಡುವವಳಿಗೆ ಮನೆಯದನ್ನು ನೋಡುವ ಧೈರ್ಯವಿರಲಿಲ್ಲ.

"ಏಳ ದಿನ ರಜಾ ತಗೊ ದಾಕ್ಷಾಯಣಿ," ಎಂದಿದ್ದರು ಡಾಕ್ಟರ್ ಪ್ರಮೀಳಾ. "ಬೋರ್ಡು ನಾ ನೋಡಕೋತೀನಿ."

"ಬ್ಯಾಡ್ರಿ. ಇಲ್ಲಿದ್ರ ಅಂವ ಕಣ್ಣಿಗರೆ ಕಾಣ್ತಾನ. ಮನ್ಯಾಗ ಕುಂತು ಏನ್ ಮಾಡ್ಲಿ?"

ಡಾಕ್ಟರು ಹೂಂ ಎಂದರು. ಆರು ವರ್ಷ ಪಾಲು ತಪ್ಪದವಳು ಎಂಬ ನಂಬಿಕೆ ಅವರದು.

ಮುರಿಗೆಪ್ಪನನ್ನು ಹೊರಲು ಬಂದ ಮೂವರಲ್ಲಿ ಜೈತೂನಬಿ ಒಬ್ಬಳು. ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬಿಡಿಸಿ ಬೆರಳ ತುದಿಯೆಲ್ಲ ಕೆಂಪಾದ ಮುದುಕಿ. ಎರಡು ವರ್ಷದ ಹಿಂದೆ ಅವಳ ಅಳಿಯ ಖಾದರ ಇದೇ ಮುಯ್ಯಿಮನೆಯಲ್ಲಿ ಚಟ ಬಿಡಿಸಿಕೊಂಡು ಹೋಗಿದ್ದ. ಆಗ ಹೊತ್ತವರ ಮುಯ್ಯಿ ತೀರಿಸಲು ಈಗ ಅವಳ ಸರದಿ. ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಕತ್ತಿಗೆ ಪಟ್ಟಿ ಕಟ್ಟಿಕೊಂಡು, ಹಳೆ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾ ಕೂರುತ್ತಿದ್ದಳು. ನೋವು ಏರಿದಾಗ 'ಯಾ ಅಲ್ಲಾ' ಎಂದು ಸೂಜಿ ನಿಲ್ಲಿಸುವಳು, ಇಳಿದಾಗ ಮತ್ತೆ ಹೊಲಿಯುವಳು.

ಮೊದಲೆರಡು ದಿನ ಹೇಗೋ ಕಳೆದವು. ಮೂರನೆಯ ದಿನ ಮಧ್ಯಾಹ್ನ ಜೈತೂನಬಿ ಪಟ್ಟಿ ಕಟ್ಟಿಕೊಂಡೇ ನಮಾಜಿಗೆಂದು ಎದ್ದು ಹೋದಾಗ ಮುರಿಗೆಪ್ಪ ಗಾಜಿನ ಹತ್ತಿರ ಬಂದ. ಮೈತುಂಬ ಮುಳ್ಳೆದ್ದಿತ್ತು. ಮೂಗಿನ ನೀರು ಒರೆಸಿಕೊಳ್ಳುವ ಎಚ್ಚರವೂ ಇರಲಿಲ್ಲ.

"ಯಕ್ಕಾ, ನನ್ನ ಕೈಲೆ ಆಗವಲ್ದು. ಸಾಯ್ತೀನಿ ನಾ."

"ಇನ್ನ ನಾಕ ದಿನ ಮುರಗ್ಯಾ. ಹಲ್ಲ ಕಚಗೊಂಡು ತಡಕೋ."

"ನೀ ಅಲ್ಲಿ ಆರಾಮ ಕುಂತೀದಿ. ನಿನಗೇನ ಗೊತ್ತಾಗತೈತಿ? ಅವ್ವ ಇದ್ದಿದ್ರ ಹಿಂಗ ನೋಡಕೋತ ಕುಂಡ್ರತಿದ್ಲೇನು?"

ದಾಕ್ಷಾಯಣಿ ಮೇಜಿನ ಖಾನೆ ಎಳೆದಳು. ಅದರಲ್ಲಿ ತಪಾಸಣೆಯ ಪಟ್ಟಿ ಇತ್ತು. ಎಲ್ಲ ಮಂಚಗಳ ಸಂಪರ್ಕ ಸರಿಯಿದೆಯೇ ಎಂದು ನೋಡಲು ದಿನಕ್ಕೊಮ್ಮೆ ಅರ್ಧ ನಿಮಿಷ ಅವಳು ಕಟ್ಟಿಕೊಳ್ಳುವ ಪಟ್ಟಿ ಅದು. ಹೊರುವವರ ಪಟ್ಟಿಗಳ ಹಾಗೆ ಅದು ಪರದೆಯ ಮೇಲೆ ಕಾಣಿಸಿಕೊಳ್ಳುವುದಿಲ್ಲ. ಅದರಲ್ಲಿ ಯಾರ ಪಾಲನ್ನು ಎಷ್ಟು ಎಳೆದುಕೊಂಡರೂ ಪರದೆ ರೋಗಿಗೆ ನಾಲ್ಕು ಎಂದೇ ತೋರಿಸುತ್ತದೆ. ಅವಳು ಪಟ್ಟಿಯನ್ನು ತುರುಬಿನ ಕೆಳಗೆ ಕಟ್ಟಿಕೊಂಡು, ಸೆರಗು ಹೊದ್ದು, ಏಳನೆಯ ಮಂಚದ ನಾಲ್ಕು ಪಾಲನ್ನೂ ತನ್ನ ಮೇಲೆ ಎಳೆದುಕೊಂಡಳು.

ಗಾಜಿನಾಚೆ ಮುರಿಗೆಪ್ಪನ ಹೆಗಲು ಇಳಿಯಿತು. ಅವನು ಅಚ್ಚರಿಯಿಂದ ತನ್ನ ಕೈಗಳನ್ನು ನೋಡಿಕೊಂಡು, ಮಂಚಕ್ಕೆ ಹೋಗಿ ಮಲಗಿ, ಐದು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದ. ಈಚೆ ದಾಕ್ಷಾಯಣಿಯ ಮೊಣಕಾಲಿನಿಂದ ಸೊಂಟದವರೆಗೆ ಕುದಿಯುವ ಎಸರು ಹರಿಯಿತು. ಅದರ ಹಿಂದೆಯೇ, ಒಮ್ಮೆಯೂ ನಾಲಿಗೆಗೆ ತಾಗಿಸದ ಯಾವುದಕ್ಕೋ ಬಾಯಲ್ಲಿ ನೀರೂರಿತು. ಅವಳು ಕಾಲನ್ನು ಕುರ್ಚಿಗೆ ಸುತ್ತಿಕೊಂಡು ಕೂತಳು. ಆ ನೋವಿನಲ್ಲೂ ಅವಳಿಗೆ ಸಂತೋಷವಾಗಿತ್ತು. ಕೂಸು ಮಲಗಿತಲ್ಲ ಎಂಬ ಸಂತೋಷ.

ಅಂದಿನಿಂದ ಏಳನೆಯ ದಿನದವರೆಗೆ ಅವಳು ಆ ಪಟ್ಟಿಯನ್ನು ಬಿಚ್ಚಿದ್ದು ಮನೆಗೆ ಹೋಗುವ ಹೊತ್ತಿಗೆ ಮಾತ್ರ. ಆಗ ರೋಗಿಗಳಿಗೆಲ್ಲ ನಿದ್ದೆಯ ಮದ್ದು ಕೊಟ್ಟಿರುತ್ತಿದ್ದರು. ಅವಳು ಫೋನು ಎತ್ತಿದಳು, ಚಾರ್ಟು ತುಂಬಿದಳು, ಡಾಕ್ಟರಿಗೆ ಚಹಾ ಕಾಸಿ ಕೊಟ್ಟಳು. 'ಕಣ್ಣ್ಯಾಕ ಕೆಂಪಾಗ್ಯಾವು?' ಎಂದವರಿಗೆ ಪೇಟೆಯ ಘಾಟು ಎಂದಳು. ಆ ಊರಿನಲ್ಲಿ ಆ ನೆಪವನ್ನು ಯಾರೂ ಅನುಮಾನಿಸುವುದಿಲ್ಲ. ಆಚೆ ಮುರಿಗೆಪ್ಪ ಪಕ್ಕದ ಮಂಚದವರ ಜೊತೆ ಚೌಕಾಬಾರ ಆಡುತ್ತಿದ್ದ.

ಕೊನೆಯ ದಿನ ಡಾಕ್ಟರ್ ಪ್ರಮೀಳಾ ಪರದೆಯ ಮುಂದೆ ಬಹಳ ಹೊತ್ತು ನಿಂತರು.

"ಪರದಿ ನಾಲ್ಕು ತೋರಸ್ತೈತಿ. ಹುಡುಗ ನೋಡಿದ್ರ ಮಾವನ ಮನಿಗೆ ಬಂದವರಂಗ ಅದಾನ. ಇಷ್ಟ ಸಲೀಸ ಆಗಬಾರದು ದಾಕ್ಷಾಯಣಿ. ಎಲ್ಲಾ ತಪಾಸ ಮಾಡಿಯೇನು?"

ಹೇಳಲು ಅದೊಂದು ಗಳಿಗೆ ಸಿಕ್ಕಿತ್ತು. ಹೇಳಿದ್ದರೆ ಇನ್ನೂ ಒಂದು ವಾರ ಅವನನ್ನು ಇರಿಸಿಕೊಳ್ಳುತ್ತಿದ್ದರು, ಕಾಯುತ್ತಿದ್ದರು, ಏನಾದರೂ ಮಾಡುತ್ತಿದ್ದರು.

"ಮಾಡೀನ್ರಿ. ಎಲ್ಲಾ ಸರಿ ಐತಿ," ಎಂದಳು ದಾಕ್ಷಾಯಣಿ.

ಡಾಕ್ಟರು ಹೊರಡುವ ಮುರಿಗೆಪ್ಪನ ಕೈ ಹಿಡಿದು ಎಲ್ಲರಿಗೂ ಹೇಳುವುದನ್ನು ಅವನಿಗೂ ಹೇಳಿದರು. "ನಿನ್ನ ಮೈ ಈಗ ಹಸಿಗೂಸು ಇದ್ದಂಗ. ಗುಳಿಗಿ ಅಂದ್ರ ಏನಂತ ಮರತಬಿಟ್ಟೈತಿ. ಮೊದಲ ನುಂಗತಿದ್ದಷ್ಟ ಈಗೇನರೆ ನುಂಗಿದ್ರ ಉಸರ ನಿಂತ ಹೋಗತೈತಿ. ತಿಳೀತಿಲ್ಲೋ?" ಅವನು ತಲೆಯಾಡಿಸಿದ. ನಾಲ್ಕು ಪಾಲು ಹೊತ್ತು ಬಂದವರು ಈ ಮಾತಿಗೆ ಬೆವರುತ್ತಾರೆ. ಅವನು ಬಸ್ ನಿಲ್ದಾಣದಲ್ಲಿ ಕೂಗುವ ಸೂಚನೆ ಕೇಳಿದವನಂತೆ ಕೇಳಿದ.

ಮನೆಯಲ್ಲಿ ಅಂದು ದಾಕ್ಷಾಯಣಿ ಎಣ್ಣೆಗಾಯಿ ಮಾಡಿ, ಬಿಸಿ ರೊಟ್ಟಿ ಬಡಿದಳು. ಮುರಿಗೆಪ್ಪ ಒಲೆಯ ಮುಂದೆಯೇ ಕೂತು ಐದು ರೊಟ್ಟಿ ಉಂಡ. ಎಷ್ಟೋ ತಿಂಗಳ ಮೇಲೆ ಅವನಿಗೆ ಹಸಿವಾಗಿತ್ತು.

"ಅಷ್ಟೇನ ತ್ರಾಸ ಆಗ್ಲಿಲ್ಲ ಬಿಡಕ್ಕಾ," ಎಂದ ಶೇಂಗಾ ಚಟ್ನಿ ನೆಕ್ಕುತ್ತಾ. "ಮಂದಿ ಸುಮ್ಮನ ಹೆದರಸ್ತಾರ. ಎರಡ ದಿನ ಜೀವ ಹೋದಂಗ ಆತು, ಆಮ್ಯಾಲೆ ತಾನ ಇಳೀತು. ಇನ್ನೊಮ್ಮೆ ಸಿಕ್ಕೊಂಡ್ರೂ ಏಳ ದಿನದ ಮಾತು ತಗೊ."

"ಬಾಯಿ ಮುಚಗೊಂಡು ಉಣ್ಣು," ಎಂದು ಅವಳು ಹುಸಿಗೋಪದಿಂದ ಅವನ ನೆತ್ತಿಗೊಂದು ಏಟು ಕೊಟ್ಟಳು. ಆ ಮಾತಿನಲ್ಲಿ ಏನಿತ್ತೆಂದು ಅವಳಿಗೆ ಆಗಲೇ ಗೊತ್ತಾಗಬೇಕಿತ್ತು. ಆರು ವರ್ಷ ಅವಳು ಮಾಡಿದ ಕೆಲಸವೆಲ್ಲ ಆ ಮಾತು ಯಾರ ಬಾಯಲ್ಲೂ ಬಾರದಿರಲಿ ಎಂದೇ ಅಲ್ಲವೇ? ಆದರೆ ತಮ್ಮ ಐದು ರೊಟ್ಟಿ ಉಂಡ ದಿನ ಅಕ್ಕನಿಗೆ ಬೇರೇನೂ ಕೇಳಿಸುವುದಿಲ್ಲ.

ಮನೆಗೆ ಬಂದ ಹನ್ನೆರಡನೆಯ ದಿನ ಅವನು ಪೇಟೆಗೆ ಹೋದ. ಸುಗ್ಗಿ ಜೋರಾಗಿತ್ತು, ಲಾರಿಗಳು ಊರ ಹೊರಗಿನ ತನಕ ಸಾಲುಗಟ್ಟಿದ್ದವು. ತಿಂಗಳುಗಟ್ಟಲೆ ಸೊರಗಿದ ಬೆನ್ನು ಯಂತ್ರದ ವೇಗಕ್ಕೆ ಹತ್ತು ಗಂಟೆಗೇ ಸೋತಿತು. ಚಹಾದಂಗಡಿಯಲ್ಲಿ ಯಾರೋ ಗುಳಿಗೆಯ ಪಟ್ಟಿ ಚಾಚಿದರು. ಅವನು ಹೆದರಲಿಲ್ಲ, ಹೆದರಲು ಅವನ ಮೈಯಲ್ಲಿ ಯಾವ ನೆನಪೂ ಇರಲಿಲ್ಲ. ಹಳೆಯ ರೂಢಿಯಂತೆ ಒಮ್ಮೆಗೇ ಮುಷ್ಟಿ ತುಂಬ ಬಾಯಿಗೆ ಹಾಕಿಕೊಂಡನಂತೆ. ಊಟದ ಹೊತ್ತಿಗೆ ಒಟ್ಟಿದ ಚೀಲಗಳಿಗೆ ಒರಗಿ ಕೂತಿದ್ದ. ನಿದ್ದೆ ಮಾಡುತ್ತಿದ್ದಾನೆಂದು ತಂಡದವರು ಎಬ್ಬಿಸಲಿಲ್ಲ. ಅವನ ಪಾಲಿನ ಚೀಲಗಳನ್ನು ತಾವೇ ಹೊತ್ತರು. ಮೂರು ಗಂಟೆಗೆ ಮುಕಾದಮ ಭುಜ ಹಿಡಿದು ಅಲುಗಿಸಿದಾಗ ಮೈ ತಣ್ಣಗಾಗಿತ್ತು.

ಮಣ್ಣು ಕೊಟ್ಟು ಬಂದ ಮೇಲೆ ಅಳಲೂ ದಾಕ್ಷಾಯಣಿಗೆ ಆಗಲಿಲ್ಲ. ಯಾರ ಮುಂದೆ ಅತ್ತರೂ ಮೋಸ ಮಾಡಿದಂತೆ ಅನ್ನಿಸುತ್ತಿತ್ತು. 'ನೀ ಏನ ಕಡಿಮಿ ಮಾಡಿದ್ಯವಾ ಅವಂಗ' ಎಂದು ಓಣಿಯ ಹೆಂಗಸರು ಸಮಾಧಾನ ಹೇಳಿದರೆ ಕಿವಿ ಮುಚ್ಚಿಕೊಳ್ಳಬೇಕೆನಿಸುತ್ತಿತ್ತು.

ಒಂದು ತಿಂಗಳ ಮೇಲೆ ಇನ್ನೊಂದು ಸಂಗತಿ ಅವಳ ಗಮನಕ್ಕೆ ಬಂತು. ದಿನಾ ಸಂಜೆ ನಾಲ್ಕು ಗಂಟೆಗೆ ಸರಿಯಾಗಿ ಆಕಳಿಕೆ ಶುರುವಾಗುತ್ತಿತ್ತು. ಆಮೇಲೆ ಕಣ್ಣಲ್ಲಿ ನೀರು, ತೋಳಿನ ಮೇಲೆ ಮುಳ್ಳು, ಮೊಣಕಾಲಿನೊಳಗೆ ಹರಿದಾಟ. ದುಃಖಕ್ಕೆ ಹೀಗಾಗುತ್ತದೆ ಎಂದುಕೊಂಡಿದ್ದಳು. ಆದರೆ ದುಃಖ ಗಡಿಯಾರ ನೋಡಿ ಬರುವುದಿಲ್ಲ. ನಾಲ್ಕು ಗಂಟೆ ಮುರಿಗೆಪ್ಪ ಗುಳಿಗೆ ನುಂಗುತ್ತಿದ್ದ ಹೊತ್ತು. ಎರಡೇ ಪಾಲು ಹೊರಬೇಕಾದ ಮೈ ನಾಲ್ಕು ಹೊತ್ತು, ಅವನ ಹಂಬಲವನ್ನು ತನ್ನದಾಗಿಸಿಕೊಂಡಿತ್ತು.

ಅವನ ಅಂಗಿ ಇನ್ನೂ ಗೂಟದಲ್ಲಿ ನೇತಾಡುತ್ತಿತ್ತು. ಅದರ ಕಿಸೆಯಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಅವನು ಮುಯ್ಯಿಮನೆ ಸೇರುವ ಹಿಂದಿನ ದಿನ ಅಂಗಿ ಒಗೆದು ಅವಳೇ ಇಟ್ಟದ್ದಲ್ಲವೇ? ಒಂದು ಸಂಜೆ, ಎಚ್ಚರ ತಪ್ಪಿದವಳಂತೆ ಎದ್ದು ಹೋಗಿ ಕಿಸೆಯೊಳಗೆ ಕೈ ಹಾಕಿದಳು. ಗುಳಿಗೆಯ ಪಟ್ಟಿ ಬೆರಳಿಗೆ ತಾಗಿ ಚರಕ್ ಎಂದಿತು. ಆ ಸದ್ದಿಗೆ ಬಾಯಲ್ಲಿ ನೀರೂರಿದ್ದು ಕಂಡು ಅವಳು ಬೆಚ್ಚಿಬಿದ್ದಳು. ಮನೆಗೆ ಬೀಗವನ್ನೂ ಹಾಕದೆ ಮುಯ್ಯಿಮನೆಗೆ ಓಡಿದಳು.

ತಪಾಸಣೆಯ ಪಟ್ಟಿಯಿಂದ ಹಿಡಿದು ಅವಳು ಹೇಳಿದ್ದಷ್ಟನ್ನೂ ಡಾಕ್ಟರ್ ಪ್ರಮೀಳಾ ಕೇಳಿಸಿಕೊಂಡರು.

"ನಿನ್ನ ಬೋರ್ಡಿನಿಂದ ಎಬ್ಬಿಸಬೇಕಿತ್ತು ನಾ. ಅದು ನನ್ನ ತಪ್ಪು," ಎಂದರು. "ನೀ ಮಾಡಿದ್ದ ಮ್ಯಾಲಿನವರಿಗೆ ಬರದ ಕಳಸಬೇಕಾಗತೈತಿ. ಕೆಲಸಾನೂ ಹೋಗತೈತಿ. ಅದು ಆಮ್ಯಾಲಿನ ಮಾತು. ಮೊದಲ ನೀ ಒಂದ ಮಂಚ ಹಿಡಿ."

"ಇದು ನನ್ನ ಮೈಯಾಗ ಇರಲ್ರಿ ಡಾಕ್ಟರ್." ದಾಕ್ಷಾಯಣಿ ಕೈ ಮುಗಿದಳು. "ಅವನದಂತ ಉಳದಿದ್ದು ಇದೊಂದ ಐತಿ. ಇದನ್ನೂ ತಗದಬಿಟ್ರ ಅಂವ ಪೂರ್ತಿ ಹೋದಂಗ."

"ಇದು ಅಂವ ಅಲ್ಲವ್ವಾ," ಎಂದರು ಡಾಕ್ಟರು. "ಇದು ಅವನ್ನ ತಿಂದದ್ದು."

ಏಳನೆಯ ಮಂಚವೇ ಖಾಲಿ ಇತ್ತು. ತನ್ನನ್ನು ಹೊರಲು ಯಾರು ಬಂದಾರು ಎಂದು ದಾಕ್ಷಾಯಣಿ ಗೋಡೆಗೆ ಮುಖ ಹಾಕಿ ಮಲಗಿದ್ದಳು. ಸುದ್ದಿ ಊರೆಲ್ಲ ಹಬ್ಬಿತ್ತು. ಆದರೂ ಇಬ್ಬರು ಹೆಂಗಸರು ದಿನಾ ಬಂದು ಮಾತಿಲ್ಲದೆ ತಮ್ಮ ಪಾಲು ಹೊತ್ತು ಹೋಗುತ್ತಿದ್ದರು. ಮೂರನೆಯವಳು ಮೂರನೆಯ ದಿನ ಜ್ವರ ಹಿಡಿದು ಬರಲಿಲ್ಲ. ಅವಳ ಬದಲಿಗೆ ಬಂದದ್ದು ಜೈತೂನಬಿ. ಚಾಪೆ ಹಾಸಿದಳು, ಪಟ್ಟಿ ಕಟ್ಟಿಕೊಂಡಳು, ಕೌದಿ ಬಿಚ್ಚಿದಳು. ಆಮೇಲೆ ಸಿಟ್ಟು ಮಾಡಿದಳು.

"ನಾನೂ ಮುದುಕಿ, ಎರಡ ಪಾಲು ಹೊತ್ತಿದ್ನಿ. ನನಗೂ ಅವನ ಮ್ಯಾಲೆ ಜೀವ ಇತ್ತು. ಹೆಚ್ಚಿಗಿ ಕೇಳಿದ್ನೇನು? ನೀ ಎಲ್ಲಾ ತಿಳದಾಕಿ ಅವನ ನಾಲ್ಕೂ ಕಸಗೊಂಡಿ."

"ಅವನ ಕೈಲೆ ಆಗ್ತಿದ್ದಿಲ್ಲ ಅಜ್ಜಿ. ಸಾಯ್ತೀನಿ ಅಂದ. ಈ ಕಿವಿಲೇ ಕೇಳೀನಿ."

ಜೈತೂನಬಿ ಕೌದಿಯ ಒಂದು ಮೂಲೆಯನ್ನು ಎಳೆದು ಮಂಚದ ಮೇಲೆ ಹಾಕಿದಳು. ನೀಲಿ ತುಂಡಿನ ಅಂಚಿನಲ್ಲಿ, ಮುದುಕಿಯ ಸಣ್ಣ ಸಾಲುಹೊಲಿಗೆಗಳ ನಡುವೆ, ಒಂದು ಗೇಣುದ್ದಕ್ಕೆ ದಪ್ಪ ದಪ್ಪ ಹೊಲಿಗೆಗಳಿದ್ದವು. ಅಲ್ಲಲ್ಲಿ ನಡುಗಿದ್ದವು. ಸಾಲು ಮಾತ್ರ ಬಿಟ್ಟಿರಲಿಲ್ಲ.

"ಇದು ಅಂವ ಹಾಕಿದ್ದು," ಎಂದಳು. "ಮೂರನೇ ದಿನ ಮುಂಜಾನಿ. ಮೈ ಹರಕೊಳ್ಳಾಕತ್ತಿದ್ದ. ಸೂಜಿ ಕೊಡಜ್ಜಿ, ಕೈಗೆ ಕೆಲಸಿದ್ರ ತಡಕೋತೀನಿ ಅಂದ. ಒಂದೊಂದ ಹೊಲಗಿಗೆ ಒಮ್ಮೆ ಹಲ್ಲ ಕಡೀತಿದ್ದ. ಆಗ್ತೈತೇನೋ ಅಂದ್ರ, ಆಗ್ತೈತಿ ಅಜ್ಜಿ, ನಮ್ಮಕ್ಕಗ ಹೇಳಬ್ಯಾಡ, ಆಕಿ ನೋಡಿದ್ಲಂದ್ರ ಅಳು ಬರತೈತಿ ನನಗ, ಅಂದ. ಸಂಜಿತನಕ ಈ ಅಂಚು ಮುಗಸ್ತೀನಿ ಅಂದಿದ್ದ. ನಮಾಜು ಮುಗಿಸಿ ಬಂದು ನೋಡ್ತೀನಿ, ಗೊರಕಿ ಹೊಡ್ಯಾಕತ್ತಾನ. ಮತ್ತ ಸೂಜಿ ಮುಟ್ಟಲಿಲ್ಲ."

ದಾಕ್ಷಾಯಣಿ ಆ ಹೊಲಿಗೆಗಳ ಮೇಲೆ ಬೆರಳಾಡಿಸಿದಳು. ಚಿಕ್ಕಂದಿನಲ್ಲಿ ಮುರಗ್ಯಾ ಓಣಿಯಲ್ಲಿ ಬಿದ್ದರೆ ಎದ್ದು, ಮಣ್ಣು ಕೊಡವಿಕೊಂಡು, ಸುಮ್ಮನೆ ಮನೆತನಕ ನಡೆದು ಬರುತ್ತಿದ್ದ. ಹೊಸ್ತಿಲಲ್ಲಿ ಅಕ್ಕನ ಮುಖ ಕಂಡ ಮೇಲೆಯೇ ಬಾಯಿ ತೆರೆದು ಅಳುತ್ತಿದ್ದ. ಅವತ್ತು ಗಾಜಿನ ಹತ್ತಿರ ಬಂದು ಸಾಯ್ತೀನಿ ಎಂದದ್ದೂ ಹಾಗೆಯೇ. ಅವನಿಗೆ ಅಳಲು ಒಂದು ಮುಖ ಬೇಕಿತ್ತು, ಅಷ್ಟೇ. ಅತ್ತು, ಬೈಸಿಕೊಂಡು, ಹೋಗಿ ಅಂಚು ಮುಗಿಸುತ್ತಿದ್ದ.

ಅವಳು ಬಾಯಿಗೆ ಸೆರಗೊತ್ತಿಕೊಂಡು ಅತ್ತಳು. ಅವನು ಹೋದ ಮೇಲೆ ಅದೇ ಮೊದಲ ಸಲ. ಜೈತೂನಬಿ ತಡೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬೆನ್ನು ಸವರಿ, ದಾರ ಪೋಣಿಸಿದ ಸೂಜಿಯನ್ನು ಅವಳ ಕೈಗಿಟ್ಟಳು.

ಗಡಿಯಾರದಲ್ಲಿ ನಾಲ್ಕು ಗಂಟೆಯಾಗುತ್ತಿತ್ತು. ಎಲುಬಿನೊಳಗೆ ಕುದಿತ ಏರತೊಡಗಿತು. ಡಾಕ್ಟರ್ ಪ್ರಮೀಳಾ ಚಾರ್ಟು ಹಿಡಿದು ಬಂದು, ಪ್ರತಿ ಮಂಚದ ಮುಂದೆ ಕೇಳುವುದನ್ನೇ ಇಲ್ಲೂ ಕೇಳಿದರು.

"ನಾಲ್ಕು ಪಾಲು ಹಂಗ ಇರ್ಲೇನು? ತಡಕೊಳ್ಳಾಕ ಆಗ್ತೈತೇನು?"

ದಾಕ್ಷಾಯಣಿ ತಮ್ಮನ ಕೊನೆಯ ಹೊಲಿಗೆ ನಿಂತ ಕಡೆ ಸೂಜಿ ಚುಚ್ಚಿದಳು. ಹೊಲಿಗೆ ದಪ್ಪವಾಯಿತು, ಸಾಲು ಬಿಡಲಿಲ್ಲ.

"ಆಗ್ತೈತ್ರಿ," ಎಂದಳು. "ಅವಂಗೂ ಆಗ್ತಿತ್ತು."